ಮೊದಲ ರಾತ್ರಿ ಕಳೆಯುವ ಬಗೆ

ಭಾನುವಾರದ ಮಟಮಟ ಮಧ್ಯಾಹ್ನ. ಅಡುಗೆಮನೆಯಿಂದ ಅಮ್ಮ ಮೂರನೆಯ ಸಲ ಕೂಗುತ್ತಾಳೆ: 'ಊಟಕ್ಕೆ ಬಾರೋ, ಸಾರು ಆರಿಹೋಗ್ತಿದೆ.' ಒಳಕೋಣೆಯಿಂದ ಬಂದ ಉತ್ತರ ವಿಚಿತ್ರವಾಗಿದೆ: 'ಸ್ವಲ್ಪ ತಡಿಯಮ್ಮಾ, ಕತ್ತಲಾಗ್ತಾ ಬಂತು. ಗೋಡೆ ಮುಚ್ಚಿ ಬಂದ್ಬಿಡ್ತೀನಿ!' ಕಿಟಕಿಯ ಹೊರಗೆ ನೋಡಿದರೆ ಕಣ್ಣು ಕುಕ್ಕುವ ಬಿಸಿಲು. ಹುಡುಗನಿಗೇನಾಯಿತೆಂದು ತಾಯಿ ಸೌಟು ಹಿಡಿದುಕೊಂಡೇ ಬಂದು ಇಣುಕಿದಾಗ, ಕಂಪ್ಯೂಟರಿನ ಪರದೆಯ ಮೇಲೆ ಚೌಕಾಕಾರದ ಸೂರ್ಯನೊಬ್ಬ ಚೌಕಾಕಾರದ ಬೆಟ್ಟದ ಹಿಂದೆ ಇಳಿಯುತ್ತಿದ್ದಾನೆ. ಮಗರಾಯ ಮಣ್ಣಿನ ಗೋಡೆಯ ಕೊನೆಯ ಕಿಂಡಿಯನ್ನು ಅವಸರ ಅವಸರವಾಗಿ ಮುಚ್ಚುತ್ತಿದ್ದಾನೆ.

ಹುಡುಗ ನೆಪ ಹೇಳುತ್ತಿರಲಿಲ್ಲ. ಮೈನ್‌ಕ್ರಾಫ್ಟ್ ಎಂಬ ಆ ಆಟದೊಳಗೆ ನಿಜಕ್ಕೂ ಕತ್ತಲಾಗುತ್ತಿತ್ತು. ಅಲ್ಲಿಯ ಒಂದು ದಿನವೆಂದರೆ ಗೋಡೆ ಗಡಿಯಾರದ ಲೆಕ್ಕದಲ್ಲಿ 20 ನಿಮಿಷ. ಅದರಲ್ಲಿ ಹಗಲು 10 ನಿಮಿಷ, ಮುಸ್ಸಂಜೆ ಒಂದೂವರೆ ನಿಮಿಷ, ರಾತ್ರಿ 7 ನಿಮಿಷ, ನಸುಕು ಮತ್ತೊಂದೂವರೆ ನಿಮಿಷ. ಕತ್ತಲು ಕವಿದ ಮೇಲೆ ಬಯಲಲ್ಲಿ ಬರಿಗೈಲಿ ನಿಂತವನ ಪಾಡೇನೆಂಬುದು ಆಡಿ ಸತ್ತವರಿಗಷ್ಟೇ ಗೊತ್ತು. ಈ ಲೆಕ್ಕವೊಂದನ್ನು ಅಪ್ಪ ಅಮ್ಮ ತಿಳಿದುಕೊಂಡರೂ ಸಾಕು, ಮನೆಯ ಅರ್ಧ ಜಗಳ ಕಡಿಮೆಯಾದೀತು. ಆ ಮಾತು ಮುಂದೆ ಬರುತ್ತದೆ.

ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಎಂಬ ಪ್ರೋಗ್ರಾಮರ್ ಬರೆಯತೊಡಗಿದ ಈ ಆಟ 2009ರ ಮೇ ತಿಂಗಳಿನಲ್ಲಿ ಅರೆಬರೆಯಾಗಿಯೇ ಜನರ ಕೈಗೆ ಬಂತು. ಪೂರ್ಣರೂಪದಲ್ಲಿ ಹೊರಬಂದದ್ದು 2011ರ ನವೆಂಬರ್ 18ರಂದು. ಇದನ್ನು ತಯಾರಿಸುತ್ತಿದ್ದ ಸ್ಟಾಕ್‌ಹೋಮಿನ ಮೊಜಾಂಗ್ ಕಂಪೆನಿಯನ್ನು ಮೈಕ್ರೋಸಾಫ್ಟ್ 2014ರಲ್ಲಿ 250 ಕೋಟಿ ಡಾಲರಿಗೆ ಕೊಂಡಿತು. 2023ರ ಅಕ್ಟೋಬರ್ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ನೋಡಲು ಅಂಥ ಚೆಂದವೇನೂ ಇಲ್ಲ. ಮರ, ಕಲ್ಲು, ಹಸು, ಮೋಡ ಎಲ್ಲವೂ ಡಬ್ಬಿ ಜೋಡಿಸಿದ ಹಾಗೆ. ಒಂದೊಂದು ಬ್ಲಾಕೂ ಒಂದೊಂದು ಘನ ಮೀಟರ್. ಒಡೆಯಬಹುದು, ಹೊರಬಹುದು, ಬೇಕಾದಲ್ಲಿ ಇಡಬಹುದು.

ಇಂಥ ಆಟಗಳಿಗೆ 'ಸ್ಯಾಂಡ್‌ಬಾಕ್ಸ್' ಎಂಬ ಹೆಸರಿದೆ. ಮನೆ ಕಟ್ಟುವಲ್ಲಿ ಸುರಿದ ಮರಳುಗುಡ್ಡೆಯಲ್ಲಿ ಕಾಲು ಹೂತು ಗುಬ್ಬಚ್ಚಿ ಗೂಡು ಕಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂಥದ್ದನ್ನೇ ಕಟ್ಟು ಎಂದು ಯಾರೂ ಹೇಳುವುದಿಲ್ಲ, ಕಟ್ಟಿದ್ದಕ್ಕೆ ಅಂಕವಿಲ್ಲ. ಆದರೆ ಮೈನ್‌ಕ್ರಾಫ್ಟಿನ 'ಸರ್ವೈವಲ್' ಎಂಬ ಬಗೆಯಲ್ಲಿ ಆ ಮರಳುಗುಡ್ಡೆಗೆ ಹಸಿವು, ರಾತ್ರಿ ಮತ್ತು ಸಾವು ಮೂರನ್ನೂ ಸೇರಿಸಿದ್ದಾರೆ. ಬದುಕಿ ಉಳಿದರೆ ತಾನೆ ಗೂಡು ಕಟ್ಟುವ ಮಾತು!

ಕೇರಂ ಆಗಲಿ, ಚೌಕಾಬಾರವಾಗಲಿ, ಮೊದಲು ನಿಯಮ ಹೇಳಿಕೊಟ್ಟು ಆಮೇಲೆ ಆಟಕ್ಕೆ ಕೂರಿಸುತ್ತಾರೆ. ಇಲ್ಲಿ ಹಾಗಿಲ್ಲ. ಕಾಡಿನ ನಡುವೆಯೋ ಮರಳುಗಾಡಿನ ಅಂಚಿನಲ್ಲೋ ಕಣ್ಣು ಬಿಟ್ಟರೆ ಜೇಬಿನಲ್ಲಿ ಏನೂ ಇಲ್ಲ, ಹೇಳುವವರು ಯಾರೂ ಇಲ್ಲ. ಹೊಸಬ ಮಾಡುವ ಮೊದಲ ತಪ್ಪು ಯಾವುದೆಂದರೆ ಊರು ನೋಡಲು ಹೊರಟವನಂತೆ ಸುತ್ತುವುದು. ಅಲ್ಲೊಂದು ಕುರಿ, ಇಲ್ಲೊಂದು ಜಲಪಾತ ಎನ್ನುತ್ತಾ ಹತ್ತು ನಿಮಿಷ ಕಳೆದುಬಿಟ್ಟರೆ ಮುಗಿಯಿತು. ಎಷ್ಟೋ ಮಕ್ಕಳು ಮೊದಲ ರಾತ್ರಿಯೇ ನಾಲ್ಕು ಬಾರಿ ಸತ್ತು, 'ಇದು ಕೆಟ್ಟ ಆಟ' ಎಂದು ಎದ್ದುಹೋಗಿರುವುದುಂಟು. ಆಟ ಕೆಟ್ಟದ್ದಲ್ಲ, ಹಗಲು ಸಣ್ಣದು ಅಷ್ಟೆ.

ಹಾಗಾದರೆ ಆ ಹತ್ತು ನಿಮಿಷದಲ್ಲಿ ಮಾಡಬೇಕಾದ್ದೇನು? ಮೊದಲು ಮರ. ಮರದ ಮುಂದೆ ನಿಂತು ಗುಂಡಿ ಒತ್ತಿಹಿಡಿದರೆ ಬರಿಗೈ ಗುದ್ದಿಗೇ ದಿಮ್ಮಿ ಕಳಚಿ ಬೀಳುತ್ತದೆ. ಬುಡ ಹೋದರೂ ಮರದ ತಲೆ ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಭೌತಶಾಸ್ತ್ರದ ಮೇಷ್ಟ್ರು ನೋಡದಿದ್ದರೆ ಒಳ್ಳೆಯದು. ಒಂದು ದಿಮ್ಮಿಯಿಂದ 4 ಹಲಗೆ. 4 ಹಲಗೆ ಸೇರಿದರೆ ಬಡಗಿಯ ಮೇಜು; ಇನ್ನು ಮುಂದಿನ ಕೆಲಸವೆಲ್ಲ ಅದರ ಮೇಲೆಯೇ. 2 ಹಲಗೆಯಿಂದ 4 ಕಡ್ಡಿ. 3 ಹಲಗೆ, 2 ಕಡ್ಡಿ ಜೋಡಿಸಿದರೆ ಮರದ ಪಿಕಾಸಿ. ಲೆಕ್ಕ ಹಾಕಿದರೆ ಇಷ್ಟಕ್ಕೆ ಮೂರೇ ದಿಮ್ಮಿ ಸಾಕು, ಮೂರು ಹಲಗೆ ಮಿಗುತ್ತದೆ ಕೂಡ. ಆದರೆ ಬಾಗಿಲು, ಪೆಟ್ಟಿಗೆ, ಇದ್ದಿಲು ಎಂದು ರಾತ್ರಿಯಿಡೀ ಮರ ಬೇಕಾಗುವುದರಿಂದ ಹದಿನೈದಿಪ್ಪತ್ತು ದಿಮ್ಮಿ ಕೂಡಿಹಾಕಿಕೊಂಡೇ ಹೊರಡುವುದು ಜಾಣತನ. ಎಲೆಗಳಿಂದ ಉದುರುವ ಸಸಿಯನ್ನು ಕಡಿದ ಜಾಗದಲ್ಲೇ ನೆಟ್ಟರೆ ಮುಂದಿನ ವಾರಕ್ಕೆ ಮರ ಹುಡುಕಿ ಅಲೆಯಬೇಕಾಗಿಲ್ಲ.

ಮರದ ಪಿಕಾಸಿಯ ಕೆಲಸ ಒಂದೇ: ಮೊದಲ ಮೂರು ಕಲ್ಲು ಒಡೆಯುವುದು. ಆ ಮೂರು ಕಲ್ಲಿನಿಂದ ಕಲ್ಲಿನ ಪಿಕಾಸಿ ಮಾಡಿಕೊಂಡ ಮೇಲೆ ಮರದ್ದನ್ನು ಮರೆತುಬಿಡಬಹುದು. ಇನ್ನು 8 ಕಲ್ಲು ಸೇರಿದರೆ ಕುಲುಮೆ. ಯಾವುದರಿಂದ ಏನು ಮಾಡಬಹುದು ಎಂಬುದನ್ನು ಮೊದಮೊದಲು ಮಕ್ಕಳು ಒಬ್ಬರಿಂದೊಬ್ಬರು ಕೇಳಿ, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಚೌಕ ಬರೆದುಕೊಂಡು ಕಲಿಯುತ್ತಿದ್ದರು. 2017ರಿಂದ ಆಟದೊಳಗೇ ಒಂದು ಕೈಪಿಡಿ ಇದೆ. ಕೈಯಲ್ಲಿರುವ ಸಾಮಾನಿನಿಂದ ಏನೇನು ಆಗುತ್ತದೆಂದು ಅದೇ ತೋರಿಸುತ್ತದೆ. ಹಾಗಾಗಿ ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯ ಈಗಿಲ್ಲ. ಯಾವುದನ್ನು ಮೊದಲು ಮಾಡಬೇಕು ಎಂಬ ಬುದ್ಧಿಯನ್ನು ಮಾತ್ರ ಆ ಕೈಪಿಡಿ ಕೊಡುವುದಿಲ್ಲ.

ಸೂರ್ಯ ನಡುನೆತ್ತಿ ದಾಟಿದನೆಂದರೆ ಸೂರಿನ ಚಿಂತೆ ಶುರುವಾಗಬೇಕು. ಹೊಸಬರಿಗೆ ಅರಮನೆಯ ಆಸೆ. ಮೊದಲ ದಿನ ಅದು ಬೇಡ. ಗುಡ್ಡದ ಬದಿಯಲ್ಲಿ ಮೂರು ಹೆಜ್ಜೆ ಒಳಕ್ಕೆ ಕೊರೆದು, ಹಿಂದಿರುಗಿ ಬಾಯಿಯನ್ನು ಮಣ್ಣಿನಿಂದ ಮುಚ್ಚಿದರೆ ಅದೇ ಮನೆ. ಗುಡ್ಡ ಸಿಗದಿದ್ದರೆ ಮಣ್ಣಿನ ಹೆಂಟೆಗಳಿಂದಲೇ ನಾಲ್ಕು ಗೋಡೆ, ಮೇಲೊಂದು ಮುಚ್ಚಿಗೆ. ಚೆಂದವಿಲ್ಲವೆಂದು ಯಾರೂ ನಗುವುದಿಲ್ಲ. ಮುಚ್ಚಿಗೆಯನ್ನು ಮರೆಯಬಾರದು, ಜೇಡ ಗೋಡೆ ಹತ್ತುತ್ತದೆ.

ಒಳಗೆ ಬೆಳಕು ಬೇಕು. ಕಲ್ಲಿದ್ದಲು ಸಿಕ್ಕಿದ್ದರೆ ಸರಿ, ಸಿಗದಿದ್ದರೂ ಗಾಬರಿಯಿಲ್ಲ. ಕುಲುಮೆಯ ಕೆಳಗೆ ಹಲಗೆ, ಮೇಲೆ ದಿಮ್ಮಿ ಇಟ್ಟರೆ ದಿಮ್ಮಿ ಸುಟ್ಟು ಇದ್ದಿಲಾಗುತ್ತದೆ. ಒಂದು ಇದ್ದಿಲು, ಒಂದು ಕಡ್ಡಿ ಸೇರಿದರೆ 4 ಪಂಜು. ಈ ಉಪಾಯ ತಿಳಿಯದೆ, ಕಲ್ಲಿದ್ದಲು ಹುಡುಕುತ್ತಾ ಸಂಜೆಗತ್ತಲಲ್ಲಿ ಗವಿ ಹೊಕ್ಕು ಸತ್ತವರ ಸಂಖ್ಯೆ ದೊಡ್ಡದು. ಪಂಜು ಬರೀ ಅಲಂಕಾರವಲ್ಲ. ಭೂತಗಳು ಹುಟ್ಟುವುದೇ ಕತ್ತಲಿನಿಂದ. 2021ರಲ್ಲಿ ಬಂದ ಬದಲಾವಣೆಯ ನಂತರ ಅವುಗಳಲ್ಲಿ ಹೆಚ್ಚಿನವು ಒಂದಿಷ್ಟೂ ಬೆಳಕಿಲ್ಲದ ಜಾಗದಲ್ಲಿ ಮಾತ್ರ ಹುಟ್ಟುತ್ತವೆ. ಹಾಗಾಗಿ ದೊಡ್ಡ ಮನೆ ಕಟ್ಟಿ ಒಂದು ಮೂಲೆಯನ್ನು ಕತ್ತಲಾಗಿ ಬಿಟ್ಟರೆ, ಬಾಗಿಲು ಭದ್ರವಾಗಿದ್ದರೂ ಭೂತ ಒಳಗಿನಿಂದಲೇ ಎದ್ದುಬರುತ್ತದೆ. ಸಣ್ಣ ಗುಡಿಸಲಿಗೆ ಒಂದು ಪಂಜು ಸಾಕು.

ಹೊರಗೆ ಅಲೆಯುವವರ ಪರಿಚಯವೂ ಸ್ವಲ್ಪ ಇರಲಿ. ನಡೆದಾಡುವ ಹೆಣದಂಥ ಜೋಂಬಿ, ಬಿಲ್ಲು ಹಿಡಿದ ಅಸ್ಥಿಪಂಜರ ಇವೆರಡೂ ಬಿಸಿಲು ಬಿದ್ದರೆ ಹತ್ತಿ ಉರಿಯುತ್ತವೆ. ಜೇಡ ಹಗಲಲ್ಲಿ ತಂಟೆಗೆ ಬರುವುದಿಲ್ಲ, ನಾವಾಗಿ ಕೆಣಕದಿದ್ದರೆ. ಉದ್ದನೆಯ ಕಪ್ಪು ಎಂಡರ್‌ಮನ್‌ನ ಮುಖ ನೋಡದೆ ತಲೆ ತಗ್ಗಿಸಿ ಹೋದರೆ ಅವನೂ ತನ್ನ ಪಾಡಿಗೆ ತಾನು. ಎಲ್ಲರಿಗಿಂತ ಅಪಾಯದವನು ಹಸಿರು ಮೈಯ ಕ್ರೀಪರ್. ಬಿಸಿಲಿಗೆ ಸುಡುವುದಿಲ್ಲ, ಹೆಜ್ಜೆ ಸಪ್ಪಳವಿಲ್ಲ. ಬೆನ್ನ ಹಿಂದೆ ಬಂದು ನಿಂತು 'ಸ್ಸ್...' ಎಂದು ಒಂದೂವರೆ ಸೆಕೆಂಡಿನಲ್ಲಿ ಸಿಡಿಯುತ್ತಾನೆ. ಆಡುವವನ ಜೊತೆಗೆ ಕಟ್ಟಿದ ಗೋಡೆಯೂ ಹೋಗುತ್ತದೆ. ಆ ಸದ್ದು ಕೇಳಿದ ಕೂಡಲೆ ಹಿಂತಿರುಗಿ ನೋಡದೆ ಓಡಬೇಕು. ದೂರವಾದರೆ ಅವನು ತಣ್ಣಗಾಗುತ್ತಾನೆ. ಪೆರ್ಸನ್ ಹಂದಿಯ ಆಕಾರ ಬರೆಯಲು ಹೋಗಿ ಉದ್ದ ಮತ್ತು ಎತ್ತರದ ಅಂಕೆಗಳನ್ನು ಅದಲುಬದಲು ಮಾಡಿದ್ದರಿಂದ ಹುಟ್ಟಿದ ಪ್ರಾಣಿಯಿದು. ತಪ್ಪು ಲೆಕ್ಕದಿಂದ ಇಷ್ಟು ಪ್ರಸಿದ್ಧಿ ಪಡೆದ ಇನ್ನೊಬ್ಬರಿಲ್ಲ! ಅಂದಹಾಗೆ ಬೆಕ್ಕು ಕಂಡರೆ ಕ್ರೀಪರ್‌ಗೆ ಭಯ. ಮುಂದೆ ಊರು ಕಟ್ಟಿದ ಮೇಲೆ ಬೆಕ್ಕು ಸಾಕುವುದು ಲಾಭದ ಕೆಲಸ.

ರಾತ್ರಿ 7 ನಿಮಿಷ ಗೂಡಿನೊಳಗೆ ಸುಮ್ಮನೆ ಕೂರುವುದು ಮಕ್ಕಳಿಗೆ ಕಷ್ಟ. ಕೂರಬೇಕಾಗಿಯೂ ಇಲ್ಲ. ಗುಡ್ಡದೊಳಗೆ ಮನೆ ಮಾಡಿದವರು ಅಲ್ಲಿಂದಲೇ ಒಳಕ್ಕೆ ಕೊರೆಯುತ್ತಾ ಹೋಗಿ ಕಲ್ಲು, ಕಲ್ಲಿದ್ದಲು ಕೂಡಿಸಬಹುದು. ಹಾಸಿಗೆ ಇದ್ದರೆ ಇನ್ನೂ ಸುಲಭ; ಮಲಗಿದ ಕೆಲವು ಕ್ಷಣದಲ್ಲಿ ಬೆಳಗಾಗುತ್ತದೆ. ಹಾಸಿಗೆಗೆ ಬೇಕಾದ್ದು ಒಂದೇ ಬಣ್ಣದ 3 ಉಣ್ಣೆ, 3 ಹಲಗೆ. ಮೊದಲ ಹಗಲಲ್ಲೇ ಮೂರು ಕುರಿ ಕಣ್ಣಿಗೆ ಬಿದ್ದರೆ ಬಿಡಬಾರದು. ಮುಂದೆ ಎರಡು ಕಬ್ಬಿಣದ ಗಟ್ಟಿಯಿಂದ ಕತ್ತರಿ ಮಾಡಿಕೊಂಡರೆ ಕುರಿಯನ್ನು ಕೊಲ್ಲದೆಯೇ ಉಣ್ಣೆ ತೆಗೆಯಬಹುದು.

ಹಾಸಿಗೆಯ ನಿಜವಾದ ಬೆಲೆ ನಿದ್ದೆಯಲ್ಲಿಲ್ಲ. ಸತ್ತವನು ಮತ್ತೆ ಕಣ್ಣು ಬಿಡುವುದು ಕೊನೆಯ ಸಲ ಮಲಗಿದ ಹಾಸಿಗೆಯ ಬಳಿ. ಹಾಸಿಗೆಯೇ ಇಲ್ಲದವನು ಆಟ ಶುರುವಾದ ಜಾಗಕ್ಕೆ ಹೋಗಿ ಬೀಳುತ್ತಾನೆ. ಅಷ್ಟರಲ್ಲಿ ಮನೆ ಎಷ್ಟೋ ದೂರದಲ್ಲಿರುತ್ತದೆ. ದೂರ ಪ್ರಯಾಣಕ್ಕೆ ಹಾಸಿಗೆಯನ್ನು ಹೊತ್ತೊಯ್ಯಬಹುದು. ಆದರೆ ಅದನ್ನು ಕಿತ್ತುಕೊಂಡು ಹೊರಟವನಿಗೆ, ಬೇರೆಡೆ ಹಾಸಿ ಮಲಗುವವರೆಗೂ, ಹಿಂದಿರುಗುವ ಮನೆಯಿಲ್ಲ. ಮೂರು ದಿನ ಮಲಗದೆ ಕಳೆದರೆ ಆಕಾಶದಿಂದ ಫ್ಯಾಂಟಮ್ ಎಂಬ ಹಕ್ಕಿಯಂಥ ಭೂತಗಳು ಎರಗುತ್ತವೆ. ನಿದ್ದೆಗೆಟ್ಟು ಓದುವ ಹುಡುಗರಿಗೆ ಈ ನಿಯಮ ಯಾರು ಹೇಳಿಕೊಟ್ಟರೋ!

ಇನ್ನು ಹೊಟ್ಟೆಪಾಡು. ಪರದೆಯ ಕೆಳಗೆ 10 ಹೃದಯ, 10 ಮಾಂಸದ ತುಂಡಿನ ಚಿತ್ರಗಳಿರುತ್ತವೆ. ಹೃದಯ ಪ್ರಾಣದ ಲೆಕ್ಕ, ಇನ್ನೊಂದು ಹಸಿವಿನದು. ಹಸಿವಿನ ಸಾಲು ಒಂಬತ್ತಕ್ಕಿಂತ ಕೆಳಗಿಳಿಯದಿದ್ದರೆ ಗಾಯ ತಾನಾಗಿ ಮಾಯುತ್ತದೆ, ಮೂರಕ್ಕಿಳಿದರೆ ಓಡಲಾಗುವುದಿಲ್ಲ. ಮೊದಲ ದಿನ ಬೇಟೆ, ಎರಡನೆಯ ದಿನ ಬೇಸಾಯ ಎಂದಿಟ್ಟುಕೊಂಡರೆ ಚೆನ್ನ. ಕಂಡ ಹಸು ಕುರಿಗಳನ್ನೆಲ್ಲ ಕೊಂದು ತಿನ್ನುವುದು ಬಿತ್ತನೆ ಬೀಜವನ್ನು ಕುಟ್ಟಿ ಉಂಡಂತೆ. ಎರಡನ್ನು ಬೇಲಿಯೊಳಗೆ ಉಳಿಸಿಕೊಂಡು ಗೋಧಿ ತಿನ್ನಿಸಿದರೆ ಕರು, ಮರಿ ಹುಟ್ಟುತ್ತವೆ. ಹುಲ್ಲು ಕಿತ್ತರೆ ಗೋಧಿ ಬೀಜ ಸಿಗುತ್ತದೆ. ಗುದ್ದಲಿಯಿಂದ ಮಣ್ಣು ಹದ ಮಾಡಿ ಬಿತ್ತಬೇಕು. ನೀರಿನ ಒಂದು ಗುಂಡಿಯಿಂದ ಸುತ್ತಲೂ 4 ಬ್ಲಾಕಿನಷ್ಟು ದೂರ ತೇವ ಹರಡುತ್ತದೆ. ಅಂದರೆ ಉದ್ದ 9, ಅಗಲ 9ರ ಚೌಕ. ನಡುವಿನ ಗುಂಡಿ ಕಳೆದರೆ 80 ಬ್ಲಾಕ್ ಹೊಲ. ಲೆಕ್ಕ ತಿಳಿಯದವರು ಸಾಲು ಸಾಲಾಗಿ ಕಾಲುವೆ ತೋಡಿ ಅರ್ಧ ಹೊಲವನ್ನೇ ನೀರುಪಾಲು ಮಾಡುತ್ತಾರೆ. ಪೈರಿನ ಮೇಲೆ ಕುಪ್ಪಳಿಸಿದರೆ ಹದಗೊಂಡ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಬೆಳೆದ 3 ಗೋಧಿಯಿಂದ ಒಂದು ಬ್ರೆಡ್.

ಮನೆ, ಬೆಳಕು, ಅನ್ನ ಇಷ್ಟಾದ ಮೇಲೆ ಎಲ್ಲರ ಕಣ್ಣೂ ನೆಲದಡಿಗೆ ಹೋಗುತ್ತದೆ. ಆಟದ ಹೆಸರಿನಲ್ಲೇ ಗಣಿಯಿದೆಯಲ್ಲ. ಇಲ್ಲಿ ಹಿರಿಯ ಆಟಗಾರರು ಕಿರಿಯರಿಗೆ ಹೇಳುವ ಮೊದಲ ಮಾತು, ನಿಂತ ಜಾಗದಲ್ಲೇ ನೇರ ಕೆಳಕ್ಕೆ ಅಗೆಯಬಾರದು ಎಂಬುದು. ಕಾಲಡಿಯ ಬ್ಲಾಕ್ ಒಡೆದಾಗ ಅದರ ಕೆಳಗೆ ಟೊಳ್ಳು ಗವಿಯಿದ್ದರೆ ಬೀಳುವುದು, ಲಾವಾ ಇದ್ದರೆ ಬೇಯುವುದು. ಮೂರು ಬ್ಲಾಕಿಗಿಂತ ಹೆಚ್ಚು ಬಿದ್ದರೆ ಪೆಟ್ಟು. 23 ಬ್ಲಾಕ್ ಬಿದ್ದರೆ ಹತ್ತು ಹೃದಯವೂ ಖಾಲಿ. ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಮುಂದೇನಿದೆ ಎಂದು ಕಾಣುತ್ತದೆ, ಹತ್ತಿ ಬರಲೂ ದಾರಿಯಿರುತ್ತದೆ. ನೆತ್ತಿಯ ಮೇಲೆ ಅಗೆಯುವಾಗಲೂ ಎಚ್ಚರ ಬೇಕು: ಮರ ಗಾಳಿಯಲ್ಲಿ ನಿಂತರೂ ಮರಳು, ಜಲ್ಲಿ ನಿಲ್ಲುವುದಿಲ್ಲ, ಕುಸಿದು ಉಸಿರುಗಟ್ಟಿಸುತ್ತವೆ. ಕುಸಿಯುವ ಜಲ್ಲಿಯ ಅಡಿಯ ಬ್ಲಾಕ್ ತೆಗೆದ ಕೂಡಲೆ ಅಲ್ಲೊಂದು ಪಂಜು ನೆಟ್ಟರೆ ಇಡೀ ಕಂಬ ಪಂಜಿನ ಮೇಲೆ ಬಿದ್ದು ತಾನಾಗಿ ಪುಡಿಯಾಗುತ್ತದೆ. ಇದು ನೋಡಲೂ ಮೋಜು.

ಗವಿಯಲ್ಲಿ ದಾರಿ ತಪ್ಪುವುದು ಸಾವಿಗಿಂತ ಹೆಚ್ಚು ಅಳಿಸುತ್ತದೆ. ಒಳಗೆ ಹೋಗುವಾಗ ಪಂಜುಗಳನ್ನೆಲ್ಲ ಎಡಗೋಡೆಗೇ ನೆಡುತ್ತಾ ಹೋದರೆ, ಬರುವಾಗ ಅವು ಬಲಕ್ಕಿರುವ ದಾರಿ ಹಿಡಿದರೆ ಮನೆ ಸಿಗುತ್ತದೆ. ಮೇಲೆ ಬಯಲಲ್ಲಾದರೆ ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ, ಮೋಡಗಳು ಯಾವಾಗಲೂ ಪಶ್ಚಿಮಕ್ಕೆ ತೇಲುತ್ತವೆ. ಇದಕ್ಕಿಂತ ಖಚಿತವಾದ ಉಪಾಯ ನಿರ್ದೇಶಾಂಕ. ಗಣಿತದ ತರಗತಿಯಲ್ಲಿ ಕಲಿತ ಎಕ್ಸ್, ವೈ, ಝೆಡ್ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತವೆ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಎಫ್3 ಒತ್ತಿದರೆ, ಫೋನು, ಟ್ಯಾಬ್ಲೆಟ್ಟುಗಳ ಬೆಡ್‌ರಾಕ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ, ನಿಂತ ಜಾಗದ ಮೂರು ಸಂಖ್ಯೆ ಕಾಣುತ್ತವೆ. ಮನೆಯ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ ಐದು ಸೆಕೆಂಡಿನ ಶ್ರಮವನ್ನು ಹೊಸಬರು ಮಾಡುವುದಿಲ್ಲ.

ವೈ ಎಂಬುದು ಎತ್ತರದ ಲೆಕ್ಕ. ವಜ್ರ ಸಿಗುವುದು ವೈ 16ಕ್ಕಿಂತ ಕೆಳಗೆ. ಆಳಕ್ಕೆ ಹೋದಷ್ಟೂ ಹೆಚ್ಚು. ಹಳೆಯ ಪುಸ್ತಕಗಳಲ್ಲಿ, ಹಳೆಯ ವಿಡಿಯೋಗಳಲ್ಲಿ 11 ಅಥವಾ 12ನೆಯ ಮಟ್ಟದಲ್ಲಿ ಅಗೆಯಿರಿ ಎಂದಿರುತ್ತದೆ. 2021ರ ನವೆಂಬರಿನಲ್ಲಿ ಲೋಕದ ತಳವನ್ನೇ ಸೊನ್ನೆಯಿಂದ ಮೈನಸ್ 64ಕ್ಕೆ ಇಳಿಸಿದ ಮೇಲೆ ಆ ಮಾತು ಹಳತಾಯಿತು. ವಜ್ರವನ್ನು ಕಂಡೊಡನೆ ಕೈಗೆ ಸಿಕ್ಕ ಪಿಕಾಸಿಯಿಂದ ಹೊಡೆಯುವುದು ಮತ್ತೊಂದು ದುರಂತ. ಕಬ್ಬಿಣದ ಅದಿರಿಗೆ ಕಲ್ಲಿನ ಪಿಕಾಸಿಯಾದರೂ ಬೇಕು, ವಜ್ರಕ್ಕೆ ಕಬ್ಬಿಣದ್ದಾದರೂ ಬೇಕು. ಅದಕ್ಕಿಂತ ಕಡಿಮೆಯದರಿಂದ ಹೊಡೆದರೆ ಬ್ಲಾಕ್ ಒಡೆದುಹೋಗುತ್ತದೆ, ಕೈಗೆ ಏನೂ ದಕ್ಕುವುದಿಲ್ಲ. ವಜ್ರವಿರುವ ಆಳದಲ್ಲಿ ಲಾವಾ ಕೂಡ ಹೇರಳ. ಮೂರು ಕಬ್ಬಿಣದ ಗಟ್ಟಿಯಿಂದ ಒಂದು ಬಕೆಟ್ ಮಾಡಿ ನೀರು ತುಂಬಿಕೊಂಡು ಹೋದರೆ ಲಾವಾದ ಮೇಲೆ ಸುರಿದು ಕಲ್ಲಾಗಿಸಬಹುದು. ವಜ್ರದ ಖಡ್ಗಕ್ಕಿಂತ ಈ ಬಕೆಟ್ಟು ಹೆಚ್ಚು ಪ್ರಾಣ ಉಳಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹೊಸಬರು ಸಾಯುವುದು ಹೋಗುವಾಗಲ್ಲ, ಬರುವಾಗ. ಚೀಲ ತುಂಬಿರುತ್ತದೆ, ಪಂಜು ಮುಗಿದಿರುತ್ತದೆ, ಹಸಿವಿನ ಸಾಲು ಅರ್ಧಕ್ಕಿಳಿದಿರುತ್ತದೆ. ಆದರೂ 'ಇನ್ನೊಂದೇ ತಿರುವು' ಎಂಬ ಆಸೆ. ಸತ್ತರೆ ಮೈಮೇಲಿದ್ದುದೆಲ್ಲ ಅಲ್ಲೇ ಚೆಲ್ಲಿಹೋಗುತ್ತದೆ. ಲಾವಾದಲ್ಲಿ ಬಿದ್ದು ಸತ್ತರೆ ಹೆಚ್ಚುಕಡಿಮೆ ಎಲ್ಲವೂ ಸುಟ್ಟುಹೋದಂತೆ. ಬೇರೆಡೆ ಸತ್ತರೆ ಹೋಗಿ ಎತ್ತಿಕೊಳ್ಳಲು ಅವಕಾಶವಿದೆ, ಆದರೆ 5 ನಿಮಿಷ ಮಾತ್ರ. ಆ ಐದು ನಿಮಿಷ ಎಣಿಕೆಯಾಗುವುದು ಆಟಗಾರ ಆ ಜಾಗದ ಆಸುಪಾಸಿನಲ್ಲಿದ್ದಾಗ. ಆದ್ದರಿಂದ ಬಹುದೂರದಲ್ಲಿ ಸತ್ತವನು ಗಾಬರಿಬಿದ್ದು ಬರಿಗೈಲಿ ಓಡಬೇಕಾಗಿಲ್ಲ. ಪೆಟ್ಟಿಗೆಯಿಂದ ಒಂದು ಕತ್ತಿ, ನಾಲ್ಕು ಪಂಜು, ಎರಡು ಬ್ರೆಡ್ ತೆಗೆದುಕೊಂಡು, ರಾತ್ರಿಯಾಗಿದ್ದರೆ ಬೆಳಗು ಮಾಡಿಕೊಂಡೇ ಹೋಗಬಹುದು. ಎರಡನೆಯ ಸಲ ಅದೇ ಭೂತದ ಕೈಲಿ ಸಾಯುವುದು ಓಡಿಹೋದವರೇ. 8 ಹಲಗೆಯಿಂದ ಒಂದು ಪೆಟ್ಟಿಗೆಯಾಗುತ್ತದೆ. ಗಣಿಗೆ ಇಳಿಯುವ ಮುನ್ನ ಬೇಡದ್ದನ್ನೆಲ್ಲ ಅದರಲ್ಲಿಟ್ಟು, ಚೀಲ ಅರ್ಧ ತುಂಬಿದೊಡನೆ ಹಿಂದಿರುಗಿ ಬರುವವನಿಗೆ ವಜ್ರ ತಡವಾಗಿ ಸಿಕ್ಕೀತು, ಆದರೆ ಸಿಕ್ಕಿದ್ದು ಉಳಿದೀತು.

ಹತ್ತು ವರ್ಷದ ಮಗಳು ಇದ್ದಕ್ಕಿದ್ದಂತೆ ಪರದೆಯ ಮುಂದೆ ಬಿಕ್ಕಿಬಿಕ್ಕಿ ಅತ್ತರೆ 'ಆಟದ್ದಕ್ಕೆಲ್ಲ ಅಳ್ತಾರೇನೇ' ಎನ್ನುವುದು ದೊಡ್ಡವರ ವಾಡಿಕೆ. ಎರಡು ವಾರದ ದುಡಿಮೆ ಕಣ್ಣೆದುರೇ ಕರಗಿದಾಗ ಯಾರಿಗಾದರೂ ಅಳು ಬರುತ್ತದೆ. ಏನೇನು ಹೋಯಿತು, ಎಲ್ಲಿ ಸತ್ತೆ, ಹೋಗಿ ತರಬಹುದೇ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿದೆ. ತೀರಾ ಚಿಕ್ಕ ಮಕ್ಕಳಿಗೆ 'ಪೀಸ್‌ಫುಲ್' ಎಂಬ ಹಂತವಿದೆ; ಅಲ್ಲಿ ಭೂತಗಳ ಕಾಟವೂ ಇಲ್ಲ, ಹಸಿವೂ ಇಲ್ಲ. ಸತ್ತರೂ ಸಾಮಾನು ಕಳೆಯದಂತೆ ಮಾಡುವ ನಿಯಮವೊಂದನ್ನೂ ಆಟದಲ್ಲಿ ಹಾಕಿಕೊಳ್ಳಬಹುದು. ಆರೇಳು ವರ್ಷದವರಿಗೆ ಅದು ಸರಿಯೇ. ಹೈಸ್ಕೂಲಿನ ಮಕ್ಕಳಿಗೆ ಅದನ್ನು ಹಾಕಿಕೊಟ್ಟರೆ ಉಪ್ಪಿಲ್ಲದ ಸಾರು. ಅಂತೆಯೇ ಮೊದಲ ದಿನವೇ ವಿಡಿಯೋ ನೋಡಿ ನೋಡಿ ಆಡುವುದೂ. ಒಂದು ರಾತ್ರಿಯಾದರೂ ತಾವಾಗಿ ಹೆದರಲಿ.

ಇನ್ನು ಸಾರು ಆರಿಹೋಗುವ ಪ್ರಶ್ನೆ. 'ಅರ್ಧ ಗಂಟೆ ಆಡಿ ಏಳು' ಎಂದು ತಾಯಿ ಹೇಳಿದರೆ, ಆ ಅರ್ಧ ಗಂಟೆ ಎರಡನೆಯ ರಾತ್ರಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಗವಿಯ ನಡುವೆ, ಭೂತದ ಎದುರು ನಿಂತವನನ್ನು ಎಬ್ಬಿಸಿದರೆ ಅವನಿಗೆ ಸಿಟ್ಟು ಬರದಿರುತ್ತದೆಯೇ? ಅದರ ಬದಲು 'ಎರಡು ದಿನ ಆಡಿ, ಎರಡನೆಯ ರಾತ್ರಿ ಮಲಗಿ ಎದ್ದು ಬಾ' ಎಂದರೆ ಮಗುವಿಗೆ ಅರ್ಥವಾಗುತ್ತದೆ. ಹಾಸಿಗೆ ಇರುವವನಿಗೆ ರಾತ್ರಿ ಕ್ಷಣದಲ್ಲಿ ಮುಗಿಯುವುದರಿಂದ ಎರಡು ದಿನಕ್ಕೆ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷದ ಸುಮಾರು. ಮಕ್ಕಳೂ ಒಂದು ಸತ್ಯ ಒಪ್ಪಬೇಕು. ಒಬ್ಬರೇ ಆಡುವ ಲೋಕವನ್ನು ಉಳಿಸಿ ಮುಚ್ಚಿದರೆ ಅದು ಹಾಗೇ ಇರುತ್ತದೆ. ನಾಳೆ ತೆರೆದಾಗ ಸೂರ್ಯ ಬಿಟ್ಟ ಜಾಗದಲ್ಲೇ ಇರುತ್ತಾನೆ. 'ಈಗ ಬಿಟ್ಟರೆ ಎಲ್ಲ ಹೋಗುತ್ತೆ' ಎಂಬ ಮಾತು ಅಲ್ಲಿ ಸುಳ್ಳು. ಜಾವಾ ಆವೃತ್ತಿಯಲ್ಲಿ ಒಬ್ಬರೇ ಆಡುವಾಗ ಎಸ್ಕೇಪ್ ಒತ್ತಿದರೂ ಸಾಕು, ಆಟ ನಿಲ್ಲುತ್ತದೆ. ಹಲವರು ಒಟ್ಟಿಗೆ ಆಡುವ ಸರ್ವರಿನಲ್ಲಿ ಮಾತ್ರ ಯಾರಿಗಾಗಿಯೂ ಕಾಲ ನಿಲ್ಲುವುದಿಲ್ಲ.

ಆ ಸರ್ವರುಗಳ ವಿಷಯದಲ್ಲಿ ಸ್ವಲ್ಪ ಬಿಗಿ ಇರುವುದು ಲೇಸು. ಗೊತ್ತಿರುವ ನಾಲ್ಕು ಸ್ನೇಹಿತರೊಂದಿಗೆ ಆಡುವುದು ಒಂದು, ಊರು ಹೆಸರು ತಿಳಿಯದ ನೂರಾರು ಜನರಿರುವ ಕಡೆ ಆಡುವುದು ಇನ್ನೊಂದು. ಅಲ್ಲಿ ಹರಟೆಯ ಕಿಂಡಿಯೂ ತೆರೆದಿರುತ್ತದೆ. ನಿಜ ಹೆಸರು, ಶಾಲೆ, ಮನೆಯ ವಿಳಾಸ ಅಲ್ಲಿ ಬರೆಯಕೂಡದು. ಮಗುವಿನ ಹೆಸರಿನ ಖಾತೆಯನ್ನು ತಂದೆತಾಯಿಯ ಖಾತೆಗೆ ಜೋಡಿಸಿದರೆ ಇಂಥದಕ್ಕೆಲ್ಲ ಅನುಮತಿ ಅವರ ಕೈಯಲ್ಲೇ ಇರುತ್ತದೆ. ಕಟ್ಟಿದ್ದನ್ನು ಕೆಡವಿ ನಗುವವರೂ ಇರುತ್ತಾರೆ. 2014ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಸಂಸ್ಥೆ ಇಡೀ ದೇಶವನ್ನೇ ನಿಜದ ಅಳತೆಯಲ್ಲಿ ಮೈನ್‌ಕ್ರಾಫ್ಟಿನಲ್ಲಿ ನಿರ್ಮಿಸಿ ಮಕ್ಕಳಿಗೆ ಭೂಗೋಳ ಕಲಿಸಲೆಂದು ತೆರೆದಿಟ್ಟಿತು. ಸ್ವಲ್ಪ ದಿನಗಳಲ್ಲೇ ಕಿಡಿಗೇಡಿಗಳು ನುಗ್ಗಿ ಕೆಲವು ಭಾಗಗಳನ್ನು ಸ್ಫೋಟಿಸಿ ಅಮೆರಿಕದ ಬಾವುಟ ನೆಟ್ಟರು. ಒಂದು ದೇಶಕ್ಕೇ ಹೀಗಾದ ಮೇಲೆ ಆರನೇ ಕ್ಲಾಸಿನ ಹುಡುಗನ ಗುಡಿಸಲಿನ ಪಾಡೇನು!

ಹಣದ ಮಾತು ಚಿಕ್ಕದು. ಆಟವನ್ನು ಒಮ್ಮೆ ಕೊಂಡರೆ ಸಾಕು. ಆದರೆ ಬೆಡ್‌ರಾಕ್ ಆವೃತ್ತಿಯೊಳಗೆ ಒಂದು ಅಂಗಡಿಯಿದೆ. ಅಲ್ಲಿಯ ನಾಣ್ಯಗಳನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕು, ಅದರಿಂದ ಬಣ್ಣದ ಉಡುಪು, ಸಿದ್ಧ ಲೋಕಗಳು ಸಿಗುತ್ತವೆ. ಮೊದಲ ರಾತ್ರಿ ಕಳೆಯಲು ಅವುಗಳಲ್ಲಿ ಯಾವುದೂ ಬೇಕಾಗಿಲ್ಲ. ಫೋನಿನಲ್ಲಿ ಕಾರ್ಡಿನ ವಿವರ ಉಳಿಸಿದ್ದರೆ ಅದಕ್ಕೊಂದು ಬೀಗ ಹಾಕಿಟ್ಟರೆ ನೆಮ್ಮದಿ.

ಮಾರ್ಚ್ ಬಂತೆಂದರೆ ಪರೀಕ್ಷೆ. ಅಪ್ಪನಿಗೆ ರೇಗಿ, ಟ್ಯಾಬ್ಲೆಟ್ಟಿನಿಂದ ಆಟವನ್ನೇ ಕಿತ್ತುಹಾಕುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಫೋನು, ಟ್ಯಾಬ್ಲೆಟ್ಟುಗಳಲ್ಲಿ ಹೀಗೆ ತೆಗೆದರೆ ಆಟದ ಜೊತೆಗೆ ಅದರೊಳಗಿನ ಲೋಕಗಳೂ ಅಳಿಸಿಹೋಗಬಹುದು. ವರ್ಷವಿಡೀ ಕಟ್ಟಿದ ಊರು, ಹೊಲ, ಬೆಕ್ಕು ಎಲ್ಲವೂ. ಏಪ್ರಿಲ್‌ನಲ್ಲಿ ಮತ್ತೆ ಹಾಕಿಕೊಟ್ಟಾಗ ಖಾಲಿ ಬಯಲು ನೋಡಿದ ಮಗು ಅಪ್ಪನೊಂದಿಗೆ ನಾಲ್ಕು ದಿನ ಮಾತಾಡದಿದ್ದರೆ ಆಶ್ಚರ್ಯವಿಲ್ಲ. ಲೋಕವನ್ನು ಒಂದು ಕಡತವಾಗಿ ಹೊರತೆಗೆದು ಇಡುವ 'ಎಕ್ಸ್‌ಪೋರ್ಟ್' ಎಂಬ ಸೌಲಭ್ಯ ಬೆಡ್‌ರಾಕ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ 'ಸೇವ್ಸ್' ಎಂಬ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರಾಯಿತು. ಆ ಪೆನ್‌ಡ್ರೈವ್ ಪರೀಕ್ಷೆ ಮುಗಿಯುವವರೆಗೆ ಅಮ್ಮನ ಬೀರುವಿನಲ್ಲಿರಲಿ.